ಹುಚ್ಚರಾಯನಿಗೆ ನಾನು ಕೊಟ್ಟ ತಪ್ಪು ಗಡುವು

ಭಕ್ತ ಬಂಧುಗಳೇ, ನನ್ನ ಮಗಳು ಮೂರು ತಿಂಗಳು ಮುಂಚೆ ಹುಟ್ಟಿದಳು. ದೀಪಾವಳಿಗೆ ಹುಟ್ಟಬೇಕಿದ್ದ ಕೂಸು ಶ್ರಾವಣದ ಮೊದಲ ವಾರವೇ ಬಂತು. ಒಂದು ಕೆಜಿಯೂ ಇರಲಿಲ್ಲ. ಈಸೂರಿನ ಹತ್ತಿರದ ನಮ್ಮ ಊರಿನಿಂದ ಶಿವಮೊಗ್ಗಕ್ಕೆ ಆಂಬುಲೆನ್ಸಿನಲ್ಲಿ ಹೋದದ್ದು ನೆನಪಿದೆ, ಹೆತ್ತದ್ದು ನೆನಪಿಲ್ಲ. ಎರಡು ತಿಂಗಳು ಅವಳು ಗಾಜಿನ ಪೆಟ್ಟಿಗೆಯಲ್ಲಿದ್ದಳು.

ಜೀವ ಉಳಿಯಿತು. ಆಮೇಲೆ ಶುರುವಾಯಿತು ನೋಡಿ ಭವಿಷ್ಯ ಹೇಳುವವರ ಕಾಟ. ತಲೆಯ ಸ್ಕ್ಯಾನಿನಲ್ಲಿ ಸ್ವಲ್ಪ ರಕ್ತಸ್ರಾವ ಕಂಡಿತ್ತು. ಅದು ಹೇಗೋ ಊರಿಗೆಲ್ಲ ಗೊತ್ತಾಯಿತು. ಕೂಸು ನೋಡಲು ಬಂದವರು ಮುಖ ನೋಡುತ್ತಿರಲಿಲ್ಲ, ನೆತ್ತಿ ನೋಡುತ್ತಿದ್ದರು. ಮಂಡಕ್ಕಿ ಮೆಲ್ಲುತ್ತಾ "ಕಣ್ಣು ಕಾಣ್ತೈತಾ?" "ಬುದ್ಧಿ ಬರ್ತೈತಾ?" ಎಂದು ಕೇಳಿದ ಆ ಬಾಯಿಗಳನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಸೊರಬದಿಂದ ನಮ್ಮ ಯಜಮಾನರ ಅಕ್ಕ ಬಂದರು. ಬಸ್ಸಿಳಿದು ಬಂದವರು ಕಾಲು ತೊಳೆಯುವ ಮೊದಲೇ ತೊಟ್ಟಿಲಲ್ಲಿ ಇಣುಕಿ, "ಇದು ಮಾತು-ಗೀತು ಕಲಿಯೂದಿಲ್ಲ ಕಣೇ. ತಡ ಮಾಡಬ್ಯಾಡ, ಇನ್ನೊಂದು ಮಾಡ್ಕೊಂಬಿಡು" ಎಂದರು. ಒಡೆದ ಕೊಡದ ಬದಲು ಬೇರೆ ಕೊಡ ತರುವ ಹಾಗೆ! ಅತ್ತೆ ತಲೆಯಾಡಿಸಿದರು. ಯಜಮಾನರು ಎದ್ದು ಕುರಿ ರೊಪ್ಪಕ್ಕೆ ಹೋದರು. ಥೂ, ಎಂಥ ಜನ.

ಆ ಸಿಟ್ಟಿನಲ್ಲೇ ಶಿಕಾರಿಪುರಕ್ಕೆ ಹೋಗಿ ನಮ್ಮ ಆಂಜನೇಯ, ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತೆ: "ಬರುವ ಶ್ರಾವಣಕ್ಕೆ ವರ್ಷ ತುಂಬುತ್ತದೆ. ಅಷ್ಟರಲ್ಲಿ ಇವಳು ನಿನ್ನ ಎದುರು ನಿಂತು ತೋರಿಸಲಿ. ಇವರ ಬಾಯಿ ಮುಚ್ಚಿಸು." ಆಸ್ಪತ್ರೆಯವರು ಹೇಳಿಕೊಟ್ಟಂತೆ ದಿನವೂ ಕೈಕಾಲು ಆಡಿಸಿದೆ.

ಶ್ರಾವಣದ ಶನಿವಾರ ಅವಳನ್ನು ಗುಡಿಯ ಕಲ್ಲುಹಾಸಿನ ಮೇಲೆ ನಿಲ್ಲಿಸಿದೆ. ಕಾಲು ಮಡಿಚಿಕೊಂಡು ಕುಸಿದಳು. ಮತ್ತೆ ನಿಲ್ಲಿಸಿದೆ. ಕುಸಿದಳು, ಅತ್ತಳು. ನಾನು ಬಿಡದೆ ಎತ್ತಿ ಎತ್ತಿ ನಿಲ್ಲಿಸಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಬಿಡವ್ವಾ, ಕೂಸಿಗೆ ನೋಯ್ತೈತಿ" ಎಂದಾಗಷ್ಟೇ ಸುಮ್ಮನಾದೆ. ತೀರ್ಥವನ್ನೂ ತೆಗೆದುಕೊಳ್ಳದೆ ಬಂದೆ. ಮನೆಯಲ್ಲಿ ದೀಪ ಹಚ್ಚುವುದನ್ನು ನಿಲ್ಲಿಸಿದೆ.

ಮುಂದಿನ ವಾರ ಶಿವಮೊಗ್ಗದಲ್ಲಿ ತಪಾಸಣೆ. ಡಾಕ್ಟರಮ್ಮನ ಎದುರು ಎಲ್ಲವನ್ನೂ ಕಕ್ಕಿದೆ. "ವರ್ಷ ತುಂಬಿದ್ರೂ ನಿಲ್ಲಲಿಲ್ರೀ. ಅವ್ರು ಹೇಳಿದ್ದೇ ನಿಜ ಆತು."

ಅವರು ತಾಯಿ ಕಾರ್ಡ್ ತಿರುವಿದರು. "ಹೆರಿಗೆ ಯಾವಾಗ ಅಂತ ಕೊಟ್ಟಿದ್ರು?"

"ದೀಪಾವಳಿಗೆ."

"ಹಾಗಾದ್ರೆ ವರ್ಷ ಎಲ್ಲಿ ತುಂಬಿತಮ್ಮಾ? ಇವಳ ಬೆಳವಣಿಗೆ ನೋಡುವಾಗ ನಾವು ಆ ತಾರೀಖಿಂದ ಎಣಿಸೋದು. ಈಗ ಒಂಬತ್ತು ತಿಂಗಳು. ಒಂಬತ್ತು ತಿಂಗಳ ಕೂಸು ತಾನಾಗೇ ಕೂತ್ಕೊಂಡಿದೆಯಲ್ಲ, ಇನ್ನೇನು ಬೇಕು?"

ಮನೆಗೆ ಕಳಿಸಿದ ದಿನವೇ ಅವರು ಇದನ್ನು ಹೇಳಿದ್ದರು, ನಾನು ತಲೆಗೆ ಹಾಕಿಕೊಂಡಿರಲಿಲ್ಲ. ದೇವರಿಗೇ ತಪ್ಪು ತಾರೀಖು ಕೊಟ್ಟು, ಅವನ ಮೇಲೇ ಮುನಿದಿದ್ದೆ! ಊರವರ ಮೇಲಿದ್ದ ಹೇಸಿಗೆ ನನ್ನ ಮೇಲೇ ತಿರುಗಿತು. ಅವರಂತೆ ನಾನೂ ಕೂಸನ್ನು ಪರೀಕ್ಷೆಗೆ ನಿಲ್ಲಿಸಿದ್ದೆ.

"ಮುಂದೆ ಶಾಲೆ, ಓದು?" ಎಂದೆ.

"ಸ್ಕ್ಯಾನ್ ನೋಡಿ ಅದನ್ನ ಹೇಳಕ್ಕಾಗಲ್ಲ. ಕೆಲವು ಮಕ್ಕಳಿಗೆ ತೊಂದರೆ ಬರುತ್ತೆ, ಕೆಲವರಿಗೆ ಬರಲ್ಲ. ಇವಳದ್ದು ನಂಗೆ ಗೊತ್ತಿಲ್ಲ. ತಪ್ಪದೆ ಕರ್ಕೊಂಡು ಬನ್ನಿ, ನೋಡ್ತಾ ಹೋಗೋಣ."

ಇವಳು ಹುಟ್ಟಿದಾಗಿನಿಂದ "ಗೊತ್ತಿಲ್ಲ" ಎಂದವರು ಅವರೊಬ್ಬರೇ. ಸ್ವಾಮಿಯೇ ಆ ಬಾಯಲ್ಲಿ ಮಾತಾಡಿದ ಎಂದು ನಾನು ನಂಬಿದ್ದೇನೆ. ಅಂದು ಶಿಕಾರಿಪುರದಲ್ಲಿ ಇಳಿದು, ಊರಿನ ಬಸ್ಸು ಹತ್ತುವ ಮೊದಲು ಗುಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಗಡುವು ಮಾತ್ರ ಹಾಕಲಿಲ್ಲ.

ದೀಪಾವಳಿಗೂ ಅವಳು ನಡೆಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಡೆದಳು. ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತಾಳೆ. ಮಾತು ಏಳೆಂಟು ಬಂದಿವೆ.

ಮೊನ್ನೆ ಸೊರಬದ ಅತ್ತಿಗೆ ಮತ್ತೆ ಬಂದರು. ಮಗಳ ಗಲ್ಲ ಹಿಡಿದು, "ನಾಲಿಗೆ ತೋರ್ಸು ನೋಡಾಣ" ಎಂದು ಬಾಯಿಗೆ ಬೆರಳು ಹಾಕಲು ಹೋದರು. ಅವಳು ಆ ಕೈಯನ್ನು ತಳ್ಳಿ, ಮನೆಯವರಿಗೆಲ್ಲ ಕೇಳುವಂತೆ "ಬ್ಯಾಡ!" ಎಂದಳು. ಅತ್ತಿಗೆ ಕೈ ಹಿಂದಕ್ಕೆಳೆದುಕೊಂಡರು.

ಸ್ವಾಮೀ, ನಾನು ಇಷ್ಟು ದಿನ ಬಾಯಿ ಬಿಡಲಾಗದೆ ನುಂಗಿದ್ದ ಮಾತನ್ನು ನನ್ನ ಮಗಳ ಬಾಯಲ್ಲಿ ಆಡಿಸಿದೆ. ನಿನಗೆ ಶರಣು.