ಸಿನಿಮಾ ಹಾಡಿನ ಕೆಳಗಿದ್ದ ದನಿ

೧೯೯೮ರಲ್ಲಿ ಸೊಲ್ಲಾಪುರದ ನಮ್ಮ ವಿಡಿಯೋ ಅಂಗಡಿ ನನ್ನ ಕೈಯಲ್ಲಿತ್ತು. ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕನೇ ಇಯತ್ತೆ. ನಮ್ಮ ಯಜಮಾನರು ಇದ್ದಾಗ ಮದುವೆಗಳಲ್ಲಿ ಅವರು ಕ್ಯಾಮೆರಾ ಹಿಡಿಯುತ್ತಿದ್ದರು, ನಾನು ಲೈಟು. ಅವರು ತೀರಿಕೊಂಡ ಮೇಲೆ ಅಂಗಡಿಯಲ್ಲಿ ನಾನು ಹೇಳಿದ್ದೇ ಕೊನೆಯ ಮಾತು.

ಆ ವರ್ಷ ಜನ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ತಂದು ಸೀಡಿ ಮಾಡಿಕೊಡಿ ಎನ್ನತೊಡಗಿದರು. ಅದಕ್ಕೆ ಕ್ಯಾಸೆಟ್ ಓಡಿಸುವ ಪ್ಲೇಯರ್ ಬೇಕು. ಅದರ ಚಿತ್ರ, ದನಿಗಳನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡ್ ಬೇಕು. ಸೀಡಿ ಬರೆಯುವ ರೈಟರ್ ಬೇಕು. ಸೊಸೆ ವಿದ್ಯಾ ಕಂಪ್ಯೂಟರ್ ಕ್ಲಾಸು ಮುಗಿಸಿದವಳು.

"ಅತ್ಯಾರ, ಕಾರ್ಡ್ ಸಾದಾ ಇದ್ರೂ ನಡೀತದ. ಪ್ಲೇಯರ್ ಮಾತ್ರ ಹೈಫೈ ತಗೋರಿ" ಅಂದಳು.

"ಕಪಾಟಿನ್ಯಾಗ ನಾಕು ಪ್ಲೇಯರ್ ಧೂಳ ತಿನ್ನಾಕತ್ತಾವ. ಇನ್ನೊಂದ ತಂದು ಪೂಜಿ ಮಾಡ್ಲೇನು?" ಅಂದೆ.

ಇದ್ದುದರಲ್ಲಿ ಭಾರಿ ಬೆಲೆಯ ಕಾರ್ಡನ್ನೇ ಕೊಂಡೆ. ಬಾಡಿಗೆಗೆ ಕೊಟ್ಟು ಸವೆದ ಹಳೇ ಪ್ಲೇಯರನ್ನು ಅದಕ್ಕೆ ಜೋಡಿಸಿದೆ.

ಅಕ್ಕಲಕೋಟೆಯಿಂದ ಸುಮಂಗಲಾ ತನ್ನ ಮದುವೆಯ ಕ್ಯಾಸೆಟ್ ತಂದಳು. ನಾವೇ ಶೂಟ್ ಮಾಡಿದ ಮದುವೆ. ಚಿಕ್ಕಮ್ಮ ಅನ್ನುವ ಹಾಗೆ ನನ್ನನ್ನು ಮಾವಶಿ ಎನ್ನುತ್ತಿದ್ದಳು. ಅವಳ ತಾಯಿ ತೀರಿಹೋಗಿ ವರ್ಷವಾಗಿರಲಿಲ್ಲ.

"ಮಾವಶಿ, ಉಡಿ ತುಂಬೂವಾಗ ಅವ್ವ ಹಾಡ್ಯಾಳ. ನೀವು ಮ್ಯಾಲೆ ಸಿನಿಮಾ ಹಾಡು ಹಾಕೀರಿ. ಕಂಪ್ಯೂಟರ್‌ದಾಗ ಅದನ್ನ ತಗದು ಅವ್ವನ ದನಿ ಕೊಡ್ತೀರೇನ್ರಿ? ಆಕಿ ದನಿ ಬ್ಯಾರೆ ಎಲ್ಲೂ ಇಲ್ಲ. ನನ್ನ ಮಗಳು ಕೇಳಬೇಕು."

ಆಗೆಲ್ಲ ಸಿನಿಮಾ ಹಾಡಿಲ್ಲದ ಮದುವೆ ಕ್ಯಾಸೆಟ್ಟೇ ಇರುತ್ತಿರಲಿಲ್ಲ. ಯಾವ ಶಾಸ್ತ್ರಕ್ಕೆ ಯಾವ ಹಾಡು ಎಂದು ಆರಿಸಿ, ಶೂಟ್ ಮಾಡಿದ ಅದೇ ಕ್ಯಾಸೆಟ್ಟಿನಲ್ಲಿ ಕೂಡಿಸುವುದು ನನ್ನ ಕೆಲಸವಾಗಿತ್ತು. ಕ್ಯಾಸೆಟ್ ಹಾಕಿ ನೋಡಿದೆ. ತಾಯಿಯ ತುಟಿಗಳು ಆಡುತ್ತಿದ್ದವು. ಕೇಳುತ್ತಿದ್ದುದು ಸಿನಿಮಾದವಳ ದನಿ.

"ಹೋತವ್ವಾ ಅದು. ಅಳಿಸಿದ್ದು ಎಲ್ಲಿಂದ ತರ್ಲಿ?" ಅಂದೆ. ಅವಳು ಚಿತ್ರವಾದರೂ ಇರಲಿ ಎಂದು ಕ್ಯಾಸೆಟ್ ಬಿಟ್ಟು ಹೋದಳು.

ವಿದ್ಯಾ ಸುಮ್ಮನಾಗಲಿಲ್ಲ. "ಮಾವನವರ ಕ್ಯಾಮೆರಾ ಹೈಫೈ ಇತ್ತಲ್ಲರಿ?" ಎಂದು ಕೇಳಿದಳು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು. ಸಾದಾ ದನಿ ಟೇಪಿನ ಅಂಚಿನಲ್ಲಿ ಒಂದು ಸಣ್ಣ ಪಟ್ಟಿಯಲ್ಲಿ ಇರುತ್ತದೆ. ನಾವು ಕೂಡಿಸಿದ ಹಾಡು ಕೂತದ್ದು ಅಲ್ಲಿ. ಹೈಫೈ ಕ್ಯಾಮೆರಾ ಅದೇ ದನಿಯನ್ನು ಚಿತ್ರದ ಕೆಳಗೂ ಬರೆಯುತ್ತದೆ. ಅದನ್ನು ನಮ್ಮ ಹಾಡು ಮುಟ್ಟಿಲ್ಲ. ಆದರೆ ಅದನ್ನು ಓದಲು ಹೈಫೈ ಪ್ಲೇಯರೇ ಬೇಕು. ಎಷ್ಟು ಭಾರಿ ಕಾರ್ಡ್ ಇದ್ದರೇನು, ಪ್ಲೇಯರ್ ಕೊಟ್ಟಷ್ಟನ್ನೇ ಅದು ತೆಗೆದುಕೊಳ್ಳುವುದು.

ವಿದ್ಯಾ ಅಣ್ಣನ ಮನೆಯಿಂದ ಹೈಫೈ ಪ್ಲೇಯರ್ ತಂದಳು. ಸುಮಂಗಲಾ ಬಂದ ದಿನ ಅವಳೆದುರಿಗೇ ಜೋಡಿಸಿದೆವು. "ನೋಡವಾ, ನಮ್ಮ ಅಂಗಡಿ ಹೆಂಗೈತಿ" ಎಂದು ನಾನು ಜಂಬ ಬೇರೆ ಕೊಚ್ಚಿದೆ.

ಸಿನಿಮಾ ಹಾಡು ಮಾಯವಾಗಿತ್ತು. ಬಳೆಯ ಸಪ್ಪಳ ಬಂತು, ಹಿಂದೆಯೇ ತಾಯಿಯ ದನಿ. ಸ್ವಲ್ಪ ಒಡಕು, ಆದರೂ ಸ್ವಚ್ಛ. ಸುಮಂಗಲಾ ಕುರ್ಚಿಯನ್ನು ಟೀವಿಯ ಹತ್ತಿರ ಎಳೆದುಕೊಂಡಳು. ಎರಡು ಸಾಲು ಆಗಿರಬೇಕು. ಕ್ಯಾಮೆರಾದ ಪಕ್ಕದಿಂದ ಇನ್ನೊಂದು ದನಿ ಜೋರಾಗಿ ಬಂತು:

"ಸಾಕ್ ಮಾಡ್ರೆವ್ವಾ! ಲೈಟ್ ಹಿಡದು ಕೈ ಸೋತಾವ. ಹೆಂಗೂ ಮ್ಯಾಲೆ ಸಿನಿಮಾ ಹಾಡು ಹಾಕಾವ್ರು. ನಿಮ್ಮ ಹಾಡು ಯಾರು ಕೇಳ್ತಾರ?"

ಅದು ನನ್ನ ದನಿ.

ತಾಯಿ ಲೈಟಿನ ಕಡೆ, ಅಂದರೆ ನನ್ನ ಕಡೆ, ನೋಡಿದಳು. "ಆತವಾ, ತಪ್ಪಾತು" ಅಂದಳು. ಆಮೇಲೆ ಸುಮ್ಮನೆ ಉಡಿ ತುಂಬಿದಳು.

ಸುಮಂಗಲಾ ನನ್ನತ್ತ ತಿರುಗಲಿಲ್ಲ. "ಮಾವಶಿ, ಇವರು ನೀವಽ ಅಲ್ಲೇನ್ರಿ?"

"ಹೂಂ."

"ಹಾಡು ಇನ್ನೂ ಇತ್ತು."

"ನನ್ನ ಮಾತು ಕತ್ತರಿಸಿ ಕೊಡ್ತೀವಿ" ಅಂದೆ.

"ಬ್ಯಾಡ್ರಿ. ನಿಮ್ಮ ಮಾತು ತಗದ್ರ ಅವ್ವ ಯಾರಿಗೆ ತಪ್ಪಾತು ಅಂದಂಗಾತು? ಆಕಿ ಮಾತಾಡಿದ್ದು ಅಷ್ಟಽ ಐತಿ."

ಸೀಡಿಯನ್ನು ಹಾಗೆಯೇ ಬರೆದು ಕೊಟ್ಟೆವು.

ಹೈಫೈ ಪ್ಲೇಯರ್ ಆಮೇಲೆ ಕೊಂಡೆ. ಈ ಕೆಲಸಕ್ಕೆ ಏನು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ, ಮೊದಲು ಪ್ಲೇಯರ್ ನೋಡಿ, ಕಾರ್ಡ್ ಆಮೇಲೆ ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ಹೇಳುವುದಿಲ್ಲ. ಅಕ್ಕಲಕೋಟೆಯ ಆ ಮನೆಯಲ್ಲಿ ಮೊಮ್ಮಗಳು ಅಜ್ಜಿಯ ದನಿ ಕೇಳಬೇಕು ಎಂದಾಗಲೆಲ್ಲ ನಾನೂ ಅವರ ನಡುವೆ ಕೂಗುತ್ತೇನೆ.