ಕುಂಬಳಕಾಯಿ ಗಾತ್ರದ ಬಂಗಾರ

ಕೇಳಿ ಗೆಳತಿಯರೇ, ನನಗಿನ್ನೂ ಎದೆ ಹೊಡೆದುಕೊಳ್ಳುತ್ತಿದೆ. ಇವತ್ತು ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ನನ್ನ ಯಜಮಾನರನ್ನು ಎಳೆದುಕೊಂಡು ರಾಬರ್ಟ್‌ಸನ್‌ಪೇಟೆಯ ಟಾಕೀಸಿಗೆ ಮ್ಯಾಟಿನಿಗೆ ಹೋಗಿದ್ದೆ. ಮಂತ್ರವಾದಿಯ ಸಿನಿಮಾ. ಊರೆಲ್ಲ ಬೈಯುತ್ತದೆ, ನನಗಂತೂ ಅಂಥವೆಂದರೆ ಪ್ರಾಣ. ನಾಯಕ ಗುಹೆಯ ಗೋಡೆಗೆ ಹಾರೆ ಹಾಕಿದ ಕೂಡಲೇ ಕುಂಬಳಕಾಯಿ ಗಾತ್ರದ ಬಂಗಾರದ ಗಟ್ಟಿಗಳು ಉರುಳಿದವು. ಸುತ್ತ ಕೂತಿದ್ದ ಗಣಿಯವರೆಲ್ಲ ಹೋ ಎಂದು ನಕ್ಕರು. ಅದರಲ್ಲಿ ನಮ್ಮ ಯಜಮಾನರದೇ ದೊಡ್ಡ ನಗು.

"ಬರೀ ಸುಳ್ಳು ಕಣೇ! ಬಂಗಾರ ಅಂಗಿರಲ್ಲ."

ನನಗೆ ರೇಗಿತು. "ಮತ್ತೆ ಎಂಗಿರ್ತದೆ? ದಿನಾ ಗಣಿಗೆ ಇಳಿಯೋರು, ನೀವೇ ಹೇಳಿ!"

ಅವರು ತಲೆ ಕೆರೆದುಕೊಂಡರು. "ನಾನೆಲ್ಲೇ ನೋಡಿದೀನಿ? ನಮ್ ಕಣ್ಣಿಗೆ ಬೀಳೋದೆಲ್ಲ ಕಲ್ಲೇ. ಬಂಗಾರ ಅಂತ ನೋಡಿದ್ದು ನಿನ್ ತಾಳೀಲೇ."

ನಾನು ಬೆಚ್ಚಿಬಿದ್ದೆ. ಪಾಳಿ ಮುಗಿಸಿ ಮೇಲೆ ಬಂದವರನ್ನು ದಿನಾ ಗೇಟಿನಲ್ಲಿ ನಿಲ್ಲಿಸಿ, ಬಟ್ಟೆ ಬಿಚ್ಚಿಸಿ ಮೈ ತಡಕುತ್ತಾರಲ್ಲ!

"ಅಂಗಾದ್ರೆ ಗೇಟಲ್ಲಿ ನಿಮ್ ಮೈಮ್ಯಾಲೆ ಏನ್ ಉಡುಕ್ತಾರೆ?"

"ಬಂಗಾರ," ಎಂದರು ತಣ್ಣಗೆ.

ಇಷ್ಟಾದರೂ ಸುಳ್ಳು ಹೇಳುವುದು ಮಾತ್ರ ನನ್ನ ಸಿನಿಮಾ ಅಂತೆ!