ತೋಳದ ಕಾಸೀಂಬಿ
ಫೋನಿನಲ್ಲಿ ‘ತೋಳದ ಕೆಲಸ’ ಅಂದದ್ದು ನನ್ನ ಜಾಣ ಕಿವಿಗೆ ‘ಟೋಲಿನ ಕೆಲಸ’ ಎಂದು ಕೇಳಿ, ಇಸ್ತ್ರಿ ಅಂಗಿ ತೊಟ್ಟು ಸಂಖ ಊರಿನ ಹತ್ತಿರದ ತೋಳಧಾಮಕ್ಕೆ ಬಂದು, ‘ಗಾಡಿ ಯಾವ ಕಡೆಯಿಂದ ಬರ್ತಾವ್ರಿ?’ ಎಂದು ಕೇಳಿದವನು ನಾನು. ‘ನಾಕು ಕಾಲಿನವು ಬರ್ತಾವ, ಅವಕ್ಕ ಪಾವತಿ ಚೀಟಿ ಹರಿಬ್ಯಾಡ’ ಎಂದರು ಅಲ್ಲಿನ ಹಿರಿಯ ಕಾವಲುಗಾರ್ತಿ ಕಾಸೀಂಬಿ. ಇವರ ಬಾಯಲ್ಲಿ ತೋಳ ಯಾವಾಗಲೂ ‘ಸಾಹೇಬರು’. ಸಾಹೇಬರ ಹೆಜ್ಜೆ ಮೂಡಿದ ಕಡೆ ಸೆರಗು ಸರಿಮಾಡಿಕೊಂಡು ಸುತ್ತಿ ಹೋಗುತ್ತಾರೆ. ಯಾರದಾದರೂ ಕುರಿ ಹೋಯಿತೆಂದು ಸುದ್ದಿ ಬಂದರೆ ಮಾತ್ರ ಚಪ್ಪಲಿ ಮರೆತು ಓಡುತ್ತಾರೆ. ತೋಳ ತಿಂದು ಬಿಟ್ಟ ಅರ್ಧ ಕುರಿಗೆ ಸಿಟ್ಟಿನಲ್ಲಿ ಯಾರೋ ವಿಷ ಸವರಿದರೆ, ಮತ್ತೆ ತಿನ್ನಲು ಬಂದ ತೋಳಗಳ ಇಡೀ ಗುಂಪೇ ಮರಿಗಳ ಸಮೇತ ಸಾಯುತ್ತದೆ. ಆದರೂ ಕುರಿ ಕಳಕೊಂಡವರಿಗೆ ಇವರು ಬುದ್ಧಿ ಹೇಳುವುದಿಲ್ಲ. ಮೊನ್ನೆ ಕುರಿಗಾರ ಗುರಪ್ಪ ತನ್ನ ಸತ್ತ ಕುರಿಯ ಗುಣಗಾನ ಮಾಡಿದ್ದನ್ನು ಕೊನೆತನಕ ಕೇಳಿ, ‘ಮಣ್ಣ ಮಾಡೂನು ಬಾ ಅಣ್ಣಾ’ ಎಂದು ತಾವೇ ಗುದ್ದಲಿ ಹಿಡಿದರು. ಹೋದ ವರ್ಷ ಅವರದೇ ಹಾಲಿನ ಆಡು ಸಾಹೇಬರ ಪಾಲಾಗಿತ್ತಂತೆ. ಚಿಕ್ಕಮ್ಮನೆಂಬ ಸಲಿಗೆಯಲ್ಲಿ, ‘ಖಾಲಾ, ಅವತ್ತು ನಿಮ್ಮ ಕೈ ವಿಷದ ಡಬ್ಬಿ ಕಡೆ ಹೋಗಲಿಲ್ಲೇನ್ರಿ?’ ಎಂದು ಕೇಳಿಬಿಟ್ಟೆ. ‘ಹೋಗಿತ್ತೋ. ಮುಚ್ಚಳಾನೂ ತೆಗೆದಿದ್ದೆ. ಗುರಪ್ಪಗ ಬುದ್ಧಿ ಹೇಳಾಕ ನನಗ ಬಾಯಿ ಎಲ್ಲೈತಿ?’